ಅಪ್ಪ ಎಲ್ಲಿಂದ ಬಿದ್ದ

ನಾನು ಚಿಕ್ಕವಳಾಗಿದ್ದಾಗ ಆಂಧ್ರದ ಗಡಿಯೊಳಗಿನ ಅಗಳಿ ಕಡೆಯ ನಮ್ಮೂರಿಗೆ ಶಿವರಾತ್ರಿ ಹೊತ್ತಿಗೆ ಹುಣಸೆಹಣ್ಣಿನ ವಾಸನೆ ಹಿಡಿದುಬಿಡುತ್ತಿತ್ತು. ಹೆಂಗಸರು ಜಗಲಿಗಳ ಮೇಲೆ ಹಣ್ಣು ಕುಟ್ಟಿ ಬೀಜ ಬಿಡಿಸುತ್ತ ಕೂರುತ್ತಿದ್ದರು. ನಾವು ಹಣ್ಣಿಗೆ ಉಪ್ಪು, ಒಣಮೆಣಸಿನಕಾಯಿ ಸೇರಿಸಿ ಜಜ್ಜಿ, ಕಡ್ಡಿಗೆ ಮೆತ್ತಿ ಚೀಪುತ್ತಿದ್ದೆವು. ಬೀಜ ಒಡೆದು ಚೌಕಾಬಾರ ಆಡುತ್ತಿದ್ದೆವು.

ಮರ ಹತ್ತಿ ಹಣ್ಣು ಬಡಿಯುವವರಲ್ಲಿ ನಮ್ಮಪ್ಪನೇ ಮುಂದಾಳು. "ಒಣಕೊಂಬೆ ಮ್ಯಾಲೆ ಕಾಲಿಡಬ್ಯಾಡ್ರಲಾ" ಎಂದು ಜೊತೆಯವರಿಗೆ ಮೇಲಿನಿಂದಲೇ ಹೇಳುತ್ತಿದ್ದ. ಒಂದು ವರ್ಷ ಅವನೇ ಕಾಲಿಟ್ಟ. ನಾನು ಬುತ್ತಿ ತಂದು ಕೆಳಗೆ ನಿಂತಿದ್ದೆ. ಲಟಕ್ಕನೆ ಸದ್ದಾಯಿತು. ಮಾಳಿಗೆಗಿಂತ ಎತ್ತರದಿಂದ ಬಂದ ಅಪ್ಪ ಎರಡೂ ಹಿಮ್ಮಡಿಯ ಮೇಲೆ ನೆಲಕ್ಕೆ ಅಪ್ಪಳಿಸಿ, ಅಲ್ಲೇ ಕುಸಿದ.

ಉಳಿದವರು ದೂರದ ಮರಗಳಲ್ಲಿದ್ದರು; ಜೊತೆಗಾರ ರಂಗಪ್ಪಮಾವ ಓಡಿಬಂದ. ಅಪ್ಪ ನೀರು ಕೇಳಲಿಲ್ಲ, ಮೊದಲು ಕೇಳಿದ್ದು ಇದನ್ನು:

"ಯಾರಾದ್ರೂ ನೋಡಿದ್ರಾ?"

"ನಾನೂ ಮಗೀನೂ ಅಷ್ಟೇ. ಸುಮ್ನಿರು."

"ಹೊಸ್ಲು ಎಡವಿ ಬಿದ್ದ ಅಂತ ಹೇಳ್ಬಿಡು ರಂಗ. ಮರದಿಂದ ಬಿದ್ದೆ ಅಂತ ಗೊತ್ತಾದ್ರೆ ಮಖ ಎತ್ಕೊಂಡು ತಿರುಗಾಕಾಗಲ್ಲ."

ಅವ್ವ ಅರಿಶಿನ ಸುಣ್ಣ ಕಲಸಿ ಹಿಮ್ಮಡಿಗೆ ಹಚ್ಚಿದಳು. ಬೆಳಗಾಗುವಷ್ಟರಲ್ಲಿ ಕಾಲು ಕುಂಬಳಕಾಯಿಯಂತೆ ಊದಿತ್ತು. ಆಟೋದಲ್ಲಿ ಕೂರಿಸಿಕೊಂಡು ಮಡಕಶಿರದ ಆಸ್ಪತ್ರೆಗೆ ಹೋದೆವು. ಡಾಕ್ಟರು ಹೇಗೆ ಬಿದ್ದೆ ಎಂದು ತೆಲುಗಿನಲ್ಲಿ ಕೇಳಿದರು. ಅಪ್ಪ ಹೊಸ್ತಿಲ ಕಥೆ ಹೇಳಿದ. ಅವರು ಎರಡೂ ಹಿಮ್ಮಡಿ ಮುಟ್ಟಿ ನೋಡಿ ಮತ್ತೆ ಕೇಳಿದರು. ಅಪ್ಪ ಮತ್ತೆ ಅದನ್ನೇ ಹೇಳಿದ. ಆದರೆ ಅವನು ಸೊಂಟ ಹಿಡಿದುಕೊಂಡು ಹಲ್ಲು ಕಚ್ಚಿದ್ದು ನನಗೆ ಕಂಡಿತು.

"ಹುಣಸೆಮರದಿಂದ ಬಿದ್ದ. ತುದೀಲಿದ್ದ" ಎಂದುಬಿಟ್ಟೆ.

ಸಾಲಿನಲ್ಲಿ ಕೂತಿದ್ದ ನಮ್ಮೂರಿನ ಕೆಲವರು ತಿರುಗಿ ನೋಡಿದರು. ಅಪ್ಪ ಟವೆಲ್ಲನ್ನು ಮುಖದ ಮೇಲೆ ಎಳೆದುಕೊಂಡ.

ಎತ್ತರದಿಂದ ಕಾಲೂರಿ ಬಿದ್ದರೆ ಪೆಟ್ಟು ಬೆನ್ನಿಗೂ ಏರಿರುತ್ತದೆ, ಇನ್ನು ಇವನನ್ನು ಯಾರೂ ಕೂರಿಸಬೇಡಿ ಎಂದರು ಡಾಕ್ಟರು. ಎಕ್ಸ್‌ರೇಯಲ್ಲಿ ಬೆನ್ನುಮೂಳೆಯೂ ಬಿರುಕು ಬಿಟ್ಟಿತ್ತು. ಕಾಲಿಗೆ ಸಿಮೆಂಟ್ ಪಟ್ಟಿ ಹಾಕಿ, ಹಲಗೆಯ ಮೇಲೆ ಅಲುಗಾಡದೆ ಮಲಗಬೇಕೆಂದು ಕಳಿಸಿದರು.

ಅವ್ವ ಮಲಮೂತ್ರ ತೆಗೆಯುವಾಗ ಅಪ್ಪ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ನಾನು ಹೊರಗೆ ಓಡಿಬಿಡುತ್ತಿದ್ದೆ. ನೀನೇ ಅಪ್ಪನನ್ನು ಉಳಿಸಿದೆ ಎಂದು ಅವ್ವ ಎಷ್ಟು ಹೇಳಿದರೂ, ನಾಲ್ಕು ಜನರೆದುರು ಅವನ ಬಟ್ಟೆ ಬಿಚ್ಚಿಸಿದಷ್ಟು ನಾಚಿಕೆ ನನಗೆ. ಕಡಲೇಕಾಯಿ ಬಿತ್ತನೆ ಹೊತ್ತಿಗೆ ಅವನು ಕೋಲೂರಿ ಅಂಗಳಕ್ಕೆ ಬಂದ. ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡ.

"ನೀನು ಹೇಳ್ದೇ ಇದ್ದಿದ್ರೆ ನಾನು ಏಳ್ತಿರ್ಲಿಲ್ಲ ಮಗಾ" ಎಂದ. ಕೋಲನ್ನು ಗೋಡೆಗೆ ಒರಗಿಸಿ, "ಆದ್ರೂ ಹೇಳ್ಬಾರ್ದಿತ್ತು" ಎಂದ.

ಆಸ್ಪತ್ರೆಯಲ್ಲಿ ಕೇಳಿಸಿಕೊಂಡವರು ಆ ಮಾತನ್ನು ಊರಿಗೆ ತರಲೇ ಇಲ್ಲ. ನೋಡಲು ಬಂದಾಗಲೂ, "ಹೊಸ್ಲು ಅಷ್ಟು ಎತ್ರ ಇಡಿಸ್ಬಾರ್ದಿತ್ತು ಕಣಣ್ಣ" ಎಂದು ನಮ್ಮ ಹೊಸ್ತಿಲನ್ನೇ ಬೈದು ಹೋದರು. ಅಪ್ಪ ಮತ್ತೆ ಮರ ಹತ್ತಲಿಲ್ಲ. ತೀರಿಕೊಳ್ಳುವವರೆಗೂ ಯಾರೂ ಅವನನ್ನು ಯಾಕೆಂದು ಕೇಳಲಿಲ್ಲ.

ಅಂಥ ಜನ ಈಗ ಅಲ್ಲಿ ಎಷ್ಟಿದ್ದಾರೋ ಗೊತ್ತಿಲ್ಲ. ಕಳೆದ ಸುಗ್ಗಿಯಲ್ಲಿ ಪಕ್ಕದೂರಿನ ಒಬ್ಬಾತ ಮರದಿಂದ ಬಿದ್ದ. ಆಂಬ್ಯುಲೆನ್ಸ್ ಬರುವ ಮೊದಲೇ ಅವನು ನರಳುವ ವಿಡಿಯೋ ನನ್ನ ಫೋನಿಗೆ ಬಂತು. ಅಳಿಸಿಹಾಕಿದೆ. ಅದಕ್ಕೆ ಮುಂಚೆ, ಪೂರ್ತಿ ನೋಡಿದ್ದೆ.