ಎದುರುಮನೆಯ ಆಂಟಿ ಆರಿಸಿದ ಹಲಗೆ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಹಲಗೆಯ ಅಂಚಿನ ಬಣ್ಣ ಹಳದಿಯೋ ಕಿತ್ತಳೆಯೋ, ಖಚಿತವಿಲ್ಲ. ಅದನ್ನು ತರಲು ಖಾರ್ಘರ್‌ಗೆ ಹೋದದ್ದು ಭಾನುವಾರವೇ ಎಂದು ಆಣೆ ಮಾಡಿ ಹೇಳಲಾರೆ. ಇಂಥವು ತಪ್ಪಿದರೆ ಯಾರಿಗೂ ನಷ್ಟವಿಲ್ಲ. ಆದರೆ ಒಂದು ಸಂಜೆ ಟೆರೇಸಿನ ಮೇಲೆ ನನ್ನ ಅವ್ವ ಆಡಿದ ಒಂದು ಮಾತಿದೆ. ಅದನ್ನು ನಿಜಕ್ಕೂ ಕೇಳಿದೆನೋ, ಎಲ್ಲ ಮುಗಿದ ಮೇಲೆ ನಾನೇ ಕಟ್ಟಿಕೊಂಡೆನೋ... ಈ ವಾರವಿಡೀ ನನಗೆ ಅದೊಂದೇ ಯೋಚನೆ.

ನಮ್ಮ ಹೌಸಿಂಗ್ ಸೊಸೈಟಿಯ ನೀರಿನ ಟಾಕಿ ಸೋರುತ್ತಿದೆಯೆಂದು ಕಳೆದ ವಾರ ರಿಪೇರಿಯವರು ಬಂದಿದ್ದರು. ಒಣಗಿದ ಬಟ್ಟೆ ತರಲು ಟೆರೇಸಿಗೆ ಹೋದಾಗ ಬಿರುಕಿಗೆ ಬಳಿಯುವ ರೆಸಿನ್ ಅಂಟಿನ ವಾಸನೆ ಮೂಗಿಗೆ ಹೊಡೆಯಿತು. ಉಗುರಿನ ಬಣ್ಣದಂತೆ, ಹೊಸ ಪ್ಲಾಸ್ಟಿಕ್ಕಿನಂತೆ, ಗಂಟಲಲ್ಲಿ ಕೂತುಬಿಡುವ ವಾಸನೆ. ಬಟ್ಟೆ ತೆಗೆಯುವುದನ್ನು ಮರೆತು ನಿಂತೆ. ಇದೇ ಮೂಲೆಯಲ್ಲಿ, ಇದೇ ವಾಸನೆಯ ನಡುವೆ, ಎದುರುಮನೆಯ ಆಂಟಿ ಮೊಣಕಾಲೂರಿ ಕೂತು ಅಲೆಯ ಮೇಲೆ ಜಾರುವ ತಮ್ಮ ಸರ್ಫ್ ಹಲಗೆಯ ಮೂಗಿಗೆ, ಅದರ ಮುಂತುದಿಗೆ, ತೇಪೆ ಹಾಕಿದ್ದರು. ಅವರು ಹೋಗಿ ವರ್ಷಗಳಾದವು. ಆ ಹಲಗೆಯ ಮೇಲಿಂದಲೇ ಹೋದರು.

ನಾವು ಧಾರವಾಡದ ಕಡೆಯವರು, ಅಪ್ಪನ ನೌಕರಿಯಿಂದಾಗಿ ಥಾಣೆಯ ಹತ್ತಿರದ ಘಣಸೋಲಿಯಲ್ಲಿ ನೆಲೆಸಿದವರು. ಆಂಟಿಯದು ಉಡುಪಿಯಿಂದ ದಕ್ಷಿಣಕ್ಕೆ, ಕಡಲ ತಡಿಯ ಊರು. ಅವರ ಯಜಮಾನರು ಥಾಣೆಯ ಹೋಟೆಲೊಂದರಲ್ಲಿ ಮ್ಯಾನೇಜರ್. ಆಂಟಿ ಬೇಲಾಪುರದ ಕಚೇರಿಯೊಂದರಲ್ಲಿ ಗುಮಾಸ್ತೆ. ಮನೆಯೊಳಗೆ ತುಳು, ನಮ್ಮೊಡನೆ ಕನ್ನಡ, ಮನೆಗೆಲಸದಾಕೆಯೊಡನೆ ಮರಾಠಿ. ತವರಿನಲ್ಲಿ ದೋಣಿ ಇತ್ತು, ಅಣ್ಣ ಮೀನುಗಾರಿಕೆಗೆ ಹೋಗುತ್ತಿದ್ದರು. ಹಿತ್ತಲು ದಾಟಿದರೆ ಮರಳು, ಮರಳು ದಾಟಿದರೆ ನೀರು. ಮದುವೆಯಾಗುವವರೆಗೂ ಕೆರೆಗಿಂತ ದೊಡ್ಡ ನೀರು ಕಂಡಿರದ ನನ್ನ ಅವ್ವನಿಗೆ ಇದು ಮುಗಿಯದ ಅಚ್ಚರಿ. ಆಂಟಿ ಹೇಳುತ್ತಿದ್ದರು, ಅವ್ವ ಕೇಳುತ್ತಿದ್ದಳು. ಎರಡೂ ಬಾಗಿಲು ತೆರೆದಿಟ್ಟು, ಹೊಸ್ತಿಲ ಮೇಲೆ ಕೂತು, ಸೊಪ್ಪು ಬಿಡಿಸುತ್ತಾ.

ಅವರ ಮನೆಯ ಹೆಂಗಸರು ಕಡಲಿಗೆ ಇಳಿಯುತ್ತಿರಲಿಲ್ಲವಂತೆ. ದೋಣಿ ಬಂದಾಗ ದಡದಲ್ಲಿ ಬುಟ್ಟಿ ಹಿಡಿದು ನಿಲ್ಲುವುದು, ಮೀನು ವಿಂಗಡಿಸುವುದು, ಪೇಟೆಗೆ ಹೊರುವುದು. ನೀರು ಮೊಣಕಾಲು ಮುಟ್ಟಿದರೆ ಅಜ್ಜಿ ದಡದಿಂದಲೇ ಬೈಯುತ್ತಿದ್ದರು ಎಂದು ಆಂಟಿ ನಗುತ್ತಾ ಹೇಳಿದ್ದುಂಟು. ಎಂ.ಎ. ಓದುತ್ತಿದ್ದ ನಾನು ಅದನ್ನು ಊರಿನ ಕತೆಯಾಗಿ ಕೇಳಿದೆ, ಅಷ್ಟೇ.

ಒಂದು ಬೇಸಗೆಯಲ್ಲಿ ಆಂಟಿ ತವರಿಗೆ ಹೋಗಿದ್ದಾಗ ಅಲ್ಲಿನ ತೀರದಲ್ಲಿ ಸರ್ಫಿಂಗ್ ಕಲಿಸುವವರು ಬಂದಿರುವುದನ್ನು ಕಂಡರಂತೆ. ಹೊರಗಿನ ಹುಡುಗಿಯರು ಅವರ ಮನೆಯ ಮುಂದಿನ ನೀರಿನಲ್ಲೇ ಅಲೆಯ ಮೇಲೆ ನಿಂತು ಬರುತ್ತಿದ್ದರು. ನಾಲ್ಕು ದಿನ ನೋಡಿದರು. ಆಮೇಲೆ ತಾವೂ ಹೆಸರು ಕೊಟ್ಟರು. ಸೊಂಟದಷ್ಟು ನೀರು, ಉದ್ದನೆಯ ಮೆತ್ತನೆಯ ಹಲಗೆ, ಪಕ್ಕದಲ್ಲಿ ಹಿಡಿದುಕೊಂಡೇ ಇರುವ ಮಾಸ್ತರು. ವಾಪಸ್ ಬಂದವರ ಮುಖ ಬಿಸಿಲಿಗೆ ಸುಟ್ಟು ಕಪ್ಪಾಗಿತ್ತು. ಬೇಲಾಪುರದ ಕಚೇರಿಯಲ್ಲಿ ಎಲ್ಲರೂ ಏನು ಕಾಯಿಲೆ ಎಂದು ಕೇಳಿದರಂತೆ. ಮುಂದಿನ ರಜೆಗೂ ಅದೇ. ಮೂರನೆಯ ಸಲ ಹೋಗುವ ಹೊತ್ತಿಗೆ ಸ್ವಂತ ಹಲಗೆ ಬೇಕು ಎಂದರು. ನಾವೆಲ್ಲ ದಂಗಾದೆವು. ಅವರಿಗೆ ಆಗ ನಲವತ್ತು ದಾಟಿತ್ತು.

ಖಾರ್ಘರ್‌ನಲ್ಲಿ ಒಬ್ಬಾತ ಊರು ಬಿಡುತ್ತಿದ್ದ, ತನ್ನ ಎರಡು ಹಲಗೆ ಮಾರಲಿಟ್ಟಿದ್ದ. "ನೀನೂ ಬಾ ಮಾರಾಯ್ತಿ, ನಾನೊಬ್ಬಳೇ ಹೋದರೆ ಅವ ಟೋಪಿ ಹಾಕ್ತಾನೆ" ಎಂದು ಆಂಟಿ ನನ್ನನ್ನು ಕರೆದೊಯ್ದರು. ಎರಡೂ ಫಿಶ್ ಎಂಬ ಜಾತಿಯವು. ಗಿಡ್ಡ, ಅಗಲ, ಬಾಲ ಮೀನಿನದರಂತೆ ಎರಡಾಗಿ ಸೀಳಿದ್ದು. ಆತ ಒಳ್ಳೆಯವನೇ ಇರಬೇಕು. ಕೊಳ್ಳುವ ಮೊದಲೇ, ಇವೆರಡೂ ನಿಮ್ಮಂಥ ಹೊಸಬರಿಗೆ ಸರಿಯಲ್ಲ, ಎಂಟು ಅಡಿಯ ಮೆತ್ತನೆಯದು ತಗೊಳ್ಳಿ ಎಂದು ಹಿಂದಿಯಲ್ಲಿ ಹೇಳಿದ. ಎಂಟು ಅಡಿಯದು ನಮ್ಮ ಲಿಫ್ಟಿನೊಳಗೆ ಹೋಗುವುದಿಲ್ಲ ಎಂದರು ಆಂಟಿ. ಆತನಿಗೆ ನಗು ತಡೆಯಲಾಗಲಿಲ್ಲ. ಅಲೆ ನೋಡಿ ಹಲಗೆ ಆರಿಸುವವರನ್ನು ಕಂಡಿದ್ದೇನೆ, ಲಿಫ್ಟ್ ನೋಡಿ ಆರಿಸುವವರು ನೀವೇ ಮೊದಲು ಎಂದ.

ಆಮೇಲೆ ಎರಡನ್ನೂ ಹಾಲ್‌ನ ನೆಲದ ಮೇಲೆ ಇಟ್ಟು ವಿವರಿಸಿದ. ಒಂದು ಹಳೆಯ ಬಗೆಯದು. ದಪ್ಪ, ಹೊಟ್ಟೆಯ ಅಡಿ ಹೆಚ್ಚುಕಡಿಮೆ ಚಪ್ಪಟೆ, ಮೂಗು ಅಷ್ಟೇನೂ ಮೇಲೆದ್ದಿಲ್ಲ. ಹಾಗಾಗಿ ಸೋಮಾರಿ ಅಲೆಯನ್ನೂ ಬೇಗ ಹಿಡಿಯುತ್ತದೆ, ಅಲೆ ನಡುವೆ ಸೊರಗಿದರೂ ಓಟ ನಿಲ್ಲಿಸದೆ ಜಾರಿಕೊಂಡು ಹೋಗುತ್ತದೆ. ಅಡಿಯಲ್ಲಿ ಉದ್ದನೆಯ ಎರಡೇ ರೆಕ್ಕೆ, ನಡುವೆ ತಡೆಯುವುದು ಏನೂ ಇಲ್ಲ, ಅದರಿಂದಲೂ ವೇಗ. ಆದರೆ ಥಟ್ಟನೆ ತಿರುಗು ಎಂದರೆ ಕೇಳದು, ದೊಡ್ಡದಾಗಿ ಬಳಸಿಕೊಂಡು ತಿರುಗಬೇಕು. ಕಡಿದಾದ ಅಲೆಯಲ್ಲಂತೂ ಆ ಚಪ್ಪಟೆ ಮೂಗು ಮೊದಲು ನೀರಿಗೆ ಚುಚ್ಚುತ್ತದೆ. ಇನ್ನೊಂದು ತೆಳು, ಬಾಲ ಕಿರಿದು, ಮೂಗು ತುಸು ಎತ್ತಿದೆ, ನಾಲ್ಕು ರೆಕ್ಕೆ. ಅದು ದೊಡ್ಡ ಅಲೆಯಲ್ಲೂ ಹಿಡಿತ ಬಿಡುವುದಿಲ್ಲ, ಚುರುಕಾಗಿ ತಿರುಗುತ್ತದೆ, ಆದರೆ ಮೈ ಭಾರ ಹೊರುವುದು ಕಡಿಮೆ. ಅಂಗೈಯನ್ನೇ ಹಲಗೆ ಮಾಡಿಕೊಂಡು, ಇನ್ನೊಂದು ಕೈಯನ್ನು ಅಲೆ ಮಾಡಿಕೊಂಡು ಆತ ಇದನ್ನೆಲ್ಲ ತೋರಿಸಿದ. ನನಗೆ ಅರ್ಥವಾದಷ್ಟನ್ನು ಬರೆದಿದ್ದೇನೆ.

ಆಂಟಿ ವೇಗ ಕೇಳಲಿಲ್ಲ, ತಿರುವು ಕೇಳಲಿಲ್ಲ. ಯಾವುದು ಹೆಚ್ಚು ತೇಲುತ್ತದೆ ಎಂದು ಕೇಳಿದರು. ನಾನು ಕೂತರೂ ಮುಳುಗುವುದಿಲ್ಲವಾ ಎಂದು ಕೇಳಿದರು. ಆಮೇಲೆ ದುಪಟ್ಟಾ ಸೊಂಟಕ್ಕೆ ಬಿಗಿದು, ಅಪರಿಚಿತನ ಮನೆಯ ಹಾಲ್‌ನಲ್ಲಿ, ದಪ್ಪನೆಯ ಹಲಗೆಯ ಮೇಲೆ ಬೋರಲಾಗಿ ಮಲಗಿದರು. ಅದರ ಎರಡೂ ಅಂಚನ್ನು ಕೈಗಳಿಂದ ಬಾಚಿ ಹಿಡಿದು, ಕೆನ್ನೆ ಒತ್ತಿ, ಸ್ವಲ್ಪ ಹೊತ್ತು ಹಾಗೆಯೇ ಇದ್ದರು. ನನಗೆ ನಾಚಿಕೆಯಾಗಿ ಬಾಲ್ಕನಿಯ ಕಡೆ ನೋಡಿದೆ.

ಆತ ಇನ್ನೊಂದು ಮಾತು ಹೇಳಿದ್ದ. ಇಷ್ಟು ದಪ್ಪನೆಯದನ್ನು ಅಲೆ ಎದುರಾದಾಗ ನೀರಿನಡಿಗೆ ಒತ್ತಿ ದಾಟಲಾಗುವುದಿಲ್ಲ. ದೊಡ್ಡ ಅಲೆ ಬಂದರೆ ಅದು ಹಲಗೆಯನ್ನು ನಿಮ್ಮ ಕೈಯಿಂದ ಕಿತ್ತುಕೊಳ್ಳುತ್ತದೆ. ಆಗ ಕಾಲಿಗೆ ಕಟ್ಟಿದ ಹಗ್ಗ ಒಂದು, ನಿಮ್ಮ ಈಜು ಒಂದು. "ಸ್ವಿಮ್ಮಿಂಗ್ ತೋ ಆತೀ ಹೈ ನಾ, ಆಂಟಿ?" ಈಜು ಬರುತ್ತದೆ ತಾನೇ ಎಂದು ಕೇಳಿದ.

"ಹಮ್ ಸಮುಂದರ್‌ವಾಲೇ ಲೋಗ್ ಹೈ, ಭಾಯ್" ಎಂದರು ಆಂಟಿ.

ನಾವು ಕಡಲಿನವರು. ಆತ ತಲೆಯಾಡಿಸಿದ. ನಾನೂ ತಲೆಯಾಡಿಸಿರಬೇಕು. ಈ ಉತ್ತರವನ್ನು ಎಷ್ಟು ಸಲ ತಿರುಗಿಸಿ ನೋಡಿದ್ದೇನೋ... ಅದರಲ್ಲಿ 'ಹೌದು' ಎಂಬುದು ಎಲ್ಲಿಯೂ ಇಲ್ಲ.

ಲೋಕಲ್‌ನ ಲೇಡೀಸ್ ಬೋಗಿಯಲ್ಲಿ ಹಲಗೆಯನ್ನು ನಿಲ್ಲಿಸಿಕೊಂಡು ಬಂದೆವು. ಇಸ್ತ್ರಿ ಮಾಡುವ ಟೇಬಲ್ಲೇ ಎಂದು ಒಬ್ಬಾಕೆ ಕೇಳಿದರು. ಗಣಪತಿ ಕೂರಿಸುವ ಮಖರಕ್ಕಿರಬೇಕು ಎಂದು ಇನ್ನೊಬ್ಬಾಕೆ ತೀರ್ಮಾನಿಸಿ, ಅದಕ್ಕೆ ಬಾಗಿಲ ಬಳಿ ಜಾಗ ಬಿಡಿಸಿಕೊಟ್ಟರು. ಕಟ್ಟಡಕ್ಕೆ ಬಂದರೆ ಲಿಫ್ಟ್ ಕೆಟ್ಟಿತ್ತು. ಅವ್ವ ಕೆಳಗಿಳಿದು ಬಂದು ಬಾಲದ ಕಡೆ ಹಿಡಿದಳು, ಮೂವರೂ ಮೆಟ್ಟಿಲು ಹತ್ತಿದೆವು. ಮೀನ ಹಿಡಿಯೂ ಮಂದಿ ಈಗ ಮೀನದ ಮ್ಯಾಲೆನ ಕೂಡಾಕತ್ತಾರ ಎಂದು ಅವ್ವ ಏದುಸಿರಿನಲ್ಲೇ ಛೇಡಿಸಿದಳು. ಆಂಟಿ ನಕ್ಕು ನಕ್ಕು ಎರಡನೆಯ ಮಹಡಿಯಲ್ಲಿ ಕೂತೇಬಿಟ್ಟರು. ಯಜಮಾನರು ಮಾತ್ರ ನಗಲಿಲ್ಲ. ಹಲಗೆಯನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡಿ, ಸೋಫಾದ ಹಿಂದೆ ಇಡು, ಬಂದವರಿಗೆ ಕಾಣದ ಹಾಗೆ ಎಂದರು.

ಆ ಹಲಗೆ ಅವರೊಡನೆ ಎರಡು ಸಲ ಊರಿಗೆ ಹೋಗಿ ಬಂತು. ಥಾಣೆಯಲ್ಲಿ ಊರಿನ ರೈಲು ಹತ್ತುವುದು, ಹಳೆಯ ರಜಾಯಿಯಲ್ಲಿ ಸುತ್ತಿದ ಹಲಗೆಯನ್ನು ಮೇಲಿನ ಬರ್ತಿಗೆ ಏರಿಸುವುದು, ತಾವು ಅದರ ಪಕ್ಕ ಮುದುಡಿ ಮಲಗುವುದು. ಮೊದಲ ಸಲ ಹಿಂದಿರುಗಿದಾಗ ಅವರು ಹೇಳಿದ್ದು ನೆನಪಿದೆ. ಅಲೆ ಸಣ್ಣದಿದ್ದರೂ ಹಲಗೆ ತಾನಾಗಿ ಎದ್ದು ಓಡುತ್ತದಂತೆ. ಕಾಲಡಿಯಲ್ಲಿ ಸದ್ದೇ ಇರುವುದಿಲ್ಲವಂತೆ. ದಡದಲ್ಲಿ ತಮ್ಮ ಮನೆ ಕಾಣುತ್ತದೆ, ಹಿತ್ತಲಲ್ಲಿ ಅತ್ತಿಗೆ ಬಟ್ಟೆ ಹರವುವುದು ಕಾಣುತ್ತದೆ. ತಾನು ಅದನ್ನು ಆ ಕಡೆಯಿಂದ ಯಾವತ್ತೂ ನೋಡಿರಲಿಲ್ಲ ಎಂದರು. ಹೇಳುತ್ತಾ ಅವರ ಕಣ್ಣು ತುಂಬಿತ್ತು. ಅವ್ವ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದ್ದಳು.

ಎರಡನೆಯ ಸಲ ಬರುವಾಗ ರೈಲಿನಲ್ಲಿ ಯಾರದೋ ಟ್ರಂಕು ತಾಗಿ ಹಲಗೆಯ ಮೂಗು ಬಿರಿದಿತ್ತು. ಟೆರೇಸಿನ ತೇಪೆ ಆಗಿನದು.

ಮಳೆಗಾಲ ಮುಗಿದಿತ್ತು, ಕಡಲು ಇನ್ನೂ ಪೂರ್ತಿ ಇಳಿದಿರಲಿಲ್ಲ. ಆಂಟಿ ಊರಿಗೆ ಹೋಗಿದ್ದರು. ಒಂದು ಬೆಳಿಗ್ಗೆ ಎದುರುಮನೆಯ ಬಾಗಿಲು ಹಾರುಹೊಡೆದಿತ್ತು. ಯಜಮಾನರು ಹೊಸ್ತಿಲಿನಲ್ಲಿ ನಿಂತು ಫೋನನ್ನು ಅಪ್ಪನ ಕೈಗೆ ಕೊಟ್ಟರು, ನೀವೇ ಕೇಳಿ, ಇವರು ಎಂತ ಹೇಳ್ತಿದ್ದಾರೆ ನನಗೆ ಗೊತ್ತಾಗ್ತಿಲ್ಲ ಎಂದರು. ಆ ಕಡೆ ಆಂಟಿಯ ಅಣ್ಣ ಮಾತಾಡುತ್ತಿದ್ದದ್ದು ಶುದ್ಧ ತುಳು, ಇವರ ಮನೆಮಾತು. ಅಪ್ಪನಿಗೆ ತುಳುವಿನ ಒಂದಕ್ಷರವೂ ಬಾರದು. ಅಪ್ಪ ಫೋನನ್ನು ಕಿವಿಗೆ ಹಿಡಿದು ಸುಮ್ಮನೆ ನಿಂತರು. ನಾನು ಹಲ್ಲುಜ್ಜುತ್ತಿದ್ದವಳು ಬ್ರಶ್ ಬಾಯಲ್ಲಿಟ್ಟುಕೊಂಡೇ ನಿಂತೆ. ಹೆಂಗಸೊಬ್ಬಳ ಅಳು ಫೋನಿನಿಂದ ಹೊರಗೂ ಕೇಳಿಸಿತು. ಅದಕ್ಕೆ ಭಾಷೆ ಬೇಕಿರಲಿಲ್ಲ.

ಆಮೇಲೆ ತಿಳಿದದ್ದು ಇಷ್ಟು. ಮಾಸ್ತರು ಬರುವ ಮೊದಲೇ ಒಬ್ಬರೇ ನೀರಿಗಿಳಿದಿದ್ದಾರೆ. ಅಲೆ ಹಲಗೆಯನ್ನು ಕಿತ್ತುಕೊಂಡಿದೆ, ಕಾಲಿನ ಹಗ್ಗ ಕಡಿದಿದೆ. ಹಲಗೆ ಮೊದಲು ದಡಕ್ಕೆ ಬಂತು, ಒಂದು ಹೊಸ ಗೀರೂ ಇಲ್ಲದೆ.

ಕ್ರಿಯೆಗಳೆಲ್ಲ ಮುಗಿದ ಮೇಲೆ ಆಂಟಿಯ ಅಣ್ಣ ಘಣಸೋಲಿಗೆ ಬಂದರು. ನಾವು ಮಾತಾಡಿಸಲು ಹೋದೆವು. ಏನಾದರೂ ಹೇಳಬೇಕಲ್ಲ ಎಂದು ಅಪ್ಪ, ಅಷ್ಟು ಈಜು ಬಲ್ಲವರಿಗೇ ಹೀಗಾದರೆ ಎಂದು ಶುರುಮಾಡಿದರು. ಅಣ್ಣ ತಲೆಯೆತ್ತಿ ನೋಡಿದರು.

"ಅವಳಿಗೆ ಈಜು ಎಲ್ಲಿ ಬರ್ತಿತ್ತು ಮಾರಾಯ್ರೆ? ನಮ್ಮ ಮನೆಯ ಹೆಂಗಸರಿಗೆ ಯಾರಿಗೂ ಬರುದಿಲ್ಲ. ಆ ಮಾಸ್ತರ ಹತ್ರ ತನಗೆ ಬರ್ತದೆ ಅಂತಲೇ ಹೇಳಿದ್ದಳಂತೆ, ನಮ್ಮ ಹತ್ರ ಹಲಗೆ ಇದ್ದರೆ ಈಜು ಬೇಡ ಅಂತ."

ಯಜಮಾನರ ಬಾಯಿ ತೆರೆದೇ ಇತ್ತು. ಇಷ್ಟು ವರ್ಷ ಸಂಸಾರ ಮಾಡಿದವರಿಗೂ ಗೊತ್ತಿರಲಿಲ್ಲ. ಘಣಸೋಲಿಯ ಖಾಡಿ ಎಂಬ ಅಳಿವೆಯ ಕೆಸರು ನೀರಿನ ಪಕ್ಕ ಬದುಕುವವರಿಗೆ ಈಜಿನ ಮಾತು ಬರುವುದಾದರೂ ಯಾವಾಗ. ಖಾರ್ಘರ್‌ನ ಆ ಹಾಲ್ ನನ್ನ ಕಣ್ಣ ಮುಂದೆ ಬಂತು. ಆಂಟಿ ಅಲ್ಲಿ ಕೇಳಿದ್ದು ಹಲಗೆಯ ಬಗ್ಗೆ ಆಗಿರಲಿಲ್ಲ. ಇದು ನನ್ನನ್ನು ಹೊತ್ತುಕೊಳ್ಳುತ್ತದೆಯೇ ಎಂದು ಕೇಳಿದ್ದರು. ಹೆಚ್ಚು ತೇಲುವುದನ್ನೇ ಆರಿಸಿದರು. ಹೆಚ್ಚು ತೇಲುವುದನ್ನೇ ಅಲೆ ಸುಲಭವಾಗಿ ಕಿತ್ತುಕೊಳ್ಳುತ್ತದೆ ಎಂದು ಆತ ಅಲ್ಲಿಯೇ ಹೇಳಿದ್ದ...

ಆ ದಿನ ನಾನು ನನ್ನ ದಿಗಿಲಿನಲ್ಲಿದ್ದೆ. ಅವ್ವನ ಮುಖ ನೋಡಿದ್ದೆನೇ? ನೋಡಿದ್ದೆ ಅನ್ನಿಸುತ್ತದೆ. ಎಲ್ಲರೂ ಬೆಚ್ಚಿ ಅಣ್ಣನನ್ನು ನೋಡುತ್ತಿದ್ದಾಗ ಅವ್ವ ಒಬ್ಬಳು ನೆಲ ನೋಡುತ್ತಿದ್ದಳು. ದುಃಖಕ್ಕೆ ಎಂದುಕೊಂಡಿದ್ದೆ. ಯಜಮಾನರು ಮನೆ ಮಾರಿ ಬದಲಾಪುರಕ್ಕೆ ಹೋದರು. ಎದುರಿನ ಬಾಗಿಲಿಗೆ ಬೇರೆಯವರ ಹೆಸರು ಬಂತು. ನಾನು ಓದು ಮುಗಿಸಿ ಕೆಲಸ ಹಿಡಿದೆ. ಅವ್ವ ಹೊಸ್ತಿಲ ಮೇಲೆ ಕೂರುವುದನ್ನು ಬಿಟ್ಟಳು.

ಕಳೆದ ವಾರ ರೆಸಿನ್ನಿನ ವಾಸನೆಯೊಂದಿಗೆ ಆ ಸಂಜೆ ಇಡಿಯಾಗಿ ಬಂತು, ಅಥವಾ ಇಡಿಯಾಗಿ ಬಂದಂತೆ ನನಗನ್ನಿಸಿತು. ಆಂಟಿ ಬಟ್ಟೆಯ ತುಂಡಿನ ಮೇಲೆ ರೆಸಿನ್ ಸವರುತ್ತಿದ್ದಾರೆ. ನಾನು ಓದಿಕೊಳ್ಳುವ ನೆಪದಲ್ಲಿ ಟಾಕಿಯ ಆಚೆ ಕೂತಿದ್ದೇನೆ. ಅವ್ವ ಅವರ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದಾಳೆ.

"ಇದು ಕೈ ಬಿಟ್ಟು ಹೋದ್ರ ನೀವೇನ ಮಾಡ್ತೀರಿ?" ಅವ್ವನ ದನಿ ಬಹಳ ಮೆಲ್ಲಗಿತ್ತು.

"ಕಾಲಿಗೆ ಕಟ್ಟಿರ್ತೇನಲ್ಲ ಅಕ್ಕ, ಎಂತ ಆಗುದಿಲ್ಲ" ಎಂದರು ಆಂಟಿ. ಸ್ವಲ್ಪ ತಡೆದು, "ನೀವು ಯಾರ ಹತ್ರವೂ ಹೇಳ್ಬೇಡಿ" ಎಂದರು.

ಈ ಕೊನೆಯ ಮಾತಿನ ಮೇಲೆ ನನಗೆ ನಂಬಿಕೆಯಿಲ್ಲ. ಹಲಗೆ ಬಿರಿದದ್ದನ್ನು ಯಜಮಾನರಿಗೆ ಹೇಳಬೇಡಿ ಎಂದಿರಲೂಬಹುದು. ಈಜು ಬಲ್ಲವರನ್ನು ಯಾರೂ ಹಾಗೆ ಕೇಳುವುದಿಲ್ಲ ಎಂದು ಈಗ ವಾದಿಸುತ್ತೇನೆ. ಆದರೆ ನೀರೆಂದರೆ ಹೆದರುವ ಧಾರವಾಡದ ಹೆಂಗಸು ಯಾರನ್ನಾದರೂ ಹಾಗೆ ಕೇಳಿಯಾಳು. ಗೊತ್ತಿದ್ದೂ ಸುಮ್ಮನಿದ್ದರೆ ಅದು ಎಂಥ ಸುಮ್ಮನಿರುವಿಕೆ? ಹೇಳಿದ್ದರೆ ಹಲಗೆ ಅಂದೇ ಗುಜರಿಗೆ ಹೋಗುತ್ತಿತ್ತು. ಆಂಟಿ ಬದುಕಿರುತ್ತಿದ್ದರು. ಕಡಲಿನ ಕಡೆಯಿಂದ ತಮ್ಮ ಮನೆಯನ್ನು ಮತ್ತೆಂದೂ ನೋಡುತ್ತಿರಲಿಲ್ಲ. ಅವ್ವ ಇದನ್ನು ತೂಗಿ ನೋಡಿದ್ದಳೇ? ಹೊಸ್ತಿಲ ಗೆಳತಿಗೆ ಕೊಟ್ಟ ಮಾತು ಅಷ್ಟು ದೊಡ್ಡದಾಗಿತ್ತೇ?

ನಿನ್ನೆ ಮಧ್ಯಾಹ್ನ ಅಪ್ಪ ಮಲಗಿದ್ದಾಗ ಕೇಳಿಯೇಬಿಟ್ಟೆ. ಅವ್ವ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದಳು. ಕೈ ನಿಲ್ಲಲಿಲ್ಲ. ಆರಿಸಿದ ಅಕ್ಕಿಯನ್ನು ಇನ್ನೊಮ್ಮೆ ಮೊರಕ್ಕೆ ಸುರಿದುಕೊಂಡು ಮತ್ತೆ ಮೊದಲಿಂದ ಆರಿಸತೊಡಗಿದಳು. ರಾತ್ರಿ ಊಟಕ್ಕೆ ಬಡಿಸಿದಳು, ಬೆಳಿಗ್ಗೆ ಚಹಾ ಕೊಟ್ಟಳು, ಛತ್ರಿ ತಗೊಂಡು ಹೋಗು ಎಂದಳು. ಉತ್ತರ ಮಾತ್ರ ಬಂದಿಲ್ಲ. ಮತ್ತೆ ಕೇಳುವ ಧೈರ್ಯ ನನಗಿಲ್ಲ. ಕೇಳಿದ್ದು ಇಷ್ಟೇ:

"ಅವ್ವ, ಆಂಟಿಗೆ ಈಜು ಬರೂದಿಲ್ಲಂತ ನಿನಗ ಗೊತ್ತಿತ್ತೇನು?"