ಎದುರಿಗೆ ನಿಂತು ನೋಡಿದ ಬಲಸುತ್ತು

ಆ ವಿಮಾನದ ಪ್ರೊಪೆಲ್ಲರನ್ನು ಉಲ್ಟಾ ಕೆತ್ತಿ ಕೆಡಿಸಿದವರು ಬಡಗಿ ಬಷೀರಣ್ಣ ಅಲ್ಲ. ಕೆಡಿಸಿದವನು ನಾನು. ನಾನು ಹೇಳಿದ ಹಾಗೆಯೇ, ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಅವರು ಕೆತ್ತಿದ್ದರು. ಮೊದಲು ಹೇಳಿದ್ದು ತಪ್ಪು. ಆಮೇಲೆ ಹೇಳಿದ್ದು — ಸುಳ್ಳು.

ನಮ್ಮದು ಪಾಂಡವಪುರದ ಕಡೆಯ ಒಂದು ಹಳ್ಳಿ. ನಮ್ಮ ಮನೆತನದಲ್ಲಿ ಡಿಗ್ರಿ ಕಂಡ ಮೊದಲಿಗ ನಾನು. ಕಾರ್ಖಾನೆಗೆ ಕಬ್ಬು ಸಾಗಿಸುವ ಗಾಡಿಗಳ ಹಿಂದೆ ಜೋತುಬಿದ್ದು ಸ್ಕೂಲಿಗೆ ಹೋದವನು, ಎರಡು ಸಲ ಡುಮ್ಕಿ ಹೊಡೆದು ಮೂರನೆಯ ಸಲಕ್ಕೆ ಗಣಿತ ಪಾಸು ಮಾಡಿದವನು, ಕೊನೆಗೂ ಇಂಜಿನಿಯರಾದೆ. ಆ ಹೆಮ್ಮೆ ಈಗಲೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಮುಚ್ಚಿಟ್ಟದ್ದು ಬೇರೆ.

ಗೆಳೆಯ ಜವರ ಹಾಲಿನ ವ್ಯಾಪಾರದವನು. ಅವನಿಗೆ ಹಾರುವ ಹುಚ್ಚು. ಕೊಟ್ಟಿಗೆಯ ಪಕ್ಕದಲ್ಲೇ ಪೈಪು, ಬಟ್ಟೆ, ತಂತಿ ಜೋಡಿಸಿ ಒಬ್ಬರು ಕೂರುವಂಥ ಪುಟ್ಟ ವಿಮಾನ ಕಟ್ಟುತ್ತಿದ್ದ. ಎಂಜಿನ್ ಆರಿಸಿದ್ದು ನಾನು. ಆಮೆಯಂತೆ ಕಾಣುವ, ಹಿಂಬದಿಯಲ್ಲಿ ಎಂಜಿನ್ ಇರುವ ಹಳೆಯ ಜರ್ಮನ್ ಕಾರೊಂದು ಮೈಸೂರಿನ ಗುಜರಿಯಲ್ಲಿ ಬಿದ್ದಿತ್ತು. ಗಾಳಿಯಲ್ಲೇ ತಣಿಯುವ ಎಂಜಿನ್, ನೀರಿನ ಭಾರವಿಲ್ಲ. ನಾನೂ ಜವರನೂ ಬಿಚ್ಚಿ, ತೊಳೆದು, ವಿಮಾನದ ಮೂತಿಗೆ ಕೂರಿಸಿದೆವು. ಮೊದಲ ಸಲ ಅದು ಗುಡುಗಿದಾಗ ಜವರನ ಎಮ್ಮೆಗಳು ಹಗ್ಗ ಕಿತ್ತುಕೊಂಡು ಓಡಿದ್ದವು.

ಇನ್ನು ಬೇಕಾಗಿದ್ದದ್ದು ಪ್ರೊಪೆಲ್ಲರು. ನಮ್ಮವರ ಬಾಯಲ್ಲಿ ಅದು ‘ಫ್ಯಾನು’. ಶ್ರೀರಂಗಪಟ್ಟಣದ ಬಷೀರಣ್ಣ ಬಾಗಿಲು, ತೊಟ್ಟಿಲುಗಳ ಕೆತ್ತನೆಗೆ ಸುತ್ತಲ ಹೋಬಳಿಗಳಲ್ಲೆಲ್ಲ ಹೆಸರಾದವರು. ಎಂಜಿನ್ ಎತ್ತ ತಿರುಗುತ್ತದೆಂದು ಅವರಿಗೆ ಹೇಳಬೇಕಿತ್ತು. ನಮ್ಮಲ್ಲಿ ಆಲೆಮನೆಯ ಎಂಜಿನ್ನಾಗಲಿ, ಕಾಲುವೆ ಬದಿಯ ಪಂಪಾಗಲಿ, ಹ್ಯಾಂಡಲ್ ಹಾಕುವವನು ಎದುರಿಗೆ ನಿಂತು ನೋಡಿಯೇ ಬಲಸುತ್ತು, ಎಡಸುತ್ತು ಅನ್ನುವುದು. ಅಪ್ಪನ ಜೊತೆ ಹ್ಯಾಂಡಲ್ ಹೊಡೆದು ಬೆಳೆದ ನಾನೂ ವಿಮಾನದ ಮೂತಿಯ ಎದುರಿಗೆ ನಿಂತೆ, ನೋಡಿದೆ — ಗಡಿಯಾರದ ಮುಳ್ಳಿನಂತೆ, ಬಲಸುತ್ತು. ಆದರೆ ಪುಸ್ತಕಗಳಲ್ಲಿ ಬಲಸುತ್ತು ಎಂದರೆ ಒಳಗೆ ಕುಳಿತವನ ಬಲ. ಎದುರು ನಿಂತವನ ಬಲ ಕುಳಿತವನಿಗೆ ಎಡ. ಇಷ್ಟು ಹೊಳೆಯಲಿಲ್ಲ. ಪುಸ್ತಕದಲ್ಲಿ ಬಲಸುತ್ತಿಗೆ ಕೊಟ್ಟಿದ್ದ ರೆಕ್ಕೆಯ ಓರೆಯನ್ನೇ ಬಷೀರಣ್ಣನ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಗೀಚಿಕೊಟ್ಟೆ. “ನೀವ್ ಓದಿರೋರು, ನೀವ್ ಗೆರೆ ಹಾಕಿ, ನಾನ್ ಉಳಿ ಹಾಕ್ತೀನಿ,” ಎಂದು ನಕ್ಕಿದ್ದರು. ಕೆತ್ತುತ್ತ ಹೋದಂತೆ ನನ್ನ ಗೆರೆಗಳೆಲ್ಲ ಹೊಟ್ಟಾಗಿ ಉದುರಿದವು.

ಕಟಾವಾದ ಕಬ್ಬಿನ ಗದ್ದೆಯನ್ನು ಮಟ್ಟ ಮಾಡಿ, ವಿಮಾನದ ಬಾಲವನ್ನು ತೆಂಗಿನ ಮರಕ್ಕೆ ಕಟ್ಟಿ ಎಂಜಿನ್ ಚಾಲೂ ಮಾಡಿದೆವು. ಅದು ಮುಂದಕ್ಕೆ ಜಗ್ಗಬೇಕಿತ್ತು. ಹಿಂದಕ್ಕೆ ಸರಿಯಿತು — ಸರಿದು ಸರಿದು ಮರಕ್ಕೆ ಬೆನ್ನು ಕೊಟ್ಟು ನಿಂತಿತು. ಧೂಳೆಲ್ಲ ಎದುರಿಗೆ, ದೂರದಲ್ಲಿ ಕುರ್ಚಿ ಹಾಕಿ ಕೂತಿದ್ದ ಹಿರಿಯರ ಮೇಲೆ. ಫ್ಯಾನನ್ನು ಬಿಚ್ಚಿ ಹಿಂದುಮುಂದು ಮಾಡಿ ಹಾಕಿದೆವು. ಸ್ಕ್ರೂವನ್ನು ತಿರುಗಿಸಿ ಹಿಡಿದರೆ ಅದರ ಸುತ್ತು ಬದಲಾದೀತೇ? ಮತ್ತೆ ಹಿಂದಕ್ಕೇ.

“ಏನ್ಲಾ ಜವರ, ಇದು ಇಮಾನವೋ ಏಡಿಯೋ?” ಯಾರೋ ಕೂಗಿದರು. ಗದ್ದೆಯೆಲ್ಲ ನಗು.

ಆ ಹಿರಿಯರ ನಡುವೆ ನನ್ನ ಅಪ್ಪ ಇದ್ದರು. ‘ನಮ್ಮ ಹೈದನ ಇಮಾನ’ ಎಂದು ಊರವರನ್ನೆಲ್ಲ ಕರೆತಂದವರು ಅವರೇ. ಧೂಳು ಮೆತ್ತಿದ ಮುಖದಲ್ಲಿ ನನ್ನನ್ನೇ ನೋಡುತ್ತಿದ್ದರು. ಆಗ ನನ್ನ ಬಾಯಿಂದ ಬಂದ ಮಾತು —

“ನಾನ್ ಹೇಳಿದ್ದು ಸರಿಯಾಗೇ ಇತ್ತು. ಬಷೀರಣ್ಣ ಉಲ್ಟಾ ಕೆತ್ತವ್ರೆ.”

ಬಷೀರಣ್ಣ ಫ್ಯಾನಿನ ಓರೆಯ ಮೇಲೆ ಬೆರಳಾಡಿಸುತ್ತ ನಿಂತರು.

ಆ ಕ್ಷಣದಲ್ಲಿ ನಾನೂ ಅದನ್ನು ಅರ್ಧ ನಂಬಿದ್ದೆ. ಮರುದಿನ ಬೆಳಿಗ್ಗೆ ವಿಮಾನದ ಸೀಟಿನಲ್ಲಿ ಕೂತು, ಜವರನ ಕೈಯಲ್ಲಿ ಎಂಜಿನ್ ತಿರುಗಿಸಿ ನೋಡಿದೆ. ಎಡಸುತ್ತು. ತಿಳಿಯಿತು. ತಿಳಿದೂ — ಬಾಯಿ ಬಿಡಲಿಲ್ಲ. ಅಲ್ಲಿಂದ ಮುಂದಿನದು ತಪ್ಪಲ್ಲ, ದ್ರೋಹ.

ಮಾತು ಸಂತೆಬಾಚಹಳ್ಳಿಯ ಸಂತೆಯವರೆಗೂ ಹೋಯಿತು. “ಆವಯ್ಯನ್ ಕೈಲಿ ಬಾಗ್ಲು ಮಾಡುಸ್ಬ್ಯಾಡ ಕಣ್ಲಾ, ಗೋಡೆ ಕಡೀಕೆ ತೆಕ್ಕತ್ತದೆ!” ನಾನಿದ್ದೆ ಅಲ್ಲಿ. ನಾನೂ ನಕ್ಕೆ. ಬಷೀರಣ್ಣ ಕೆತ್ತನೆ ಬಿಟ್ಟು ಲಾರಿಗಳಿಗೆ ಹಲಗೆ ಬಡಿಯುವ ಕೆಲಸಕ್ಕೆ ಹೋದರು.

ವರ್ಷಗಳೇ ಕಳೆದವು. ವಿಮಾನ ಕೊಟ್ಟಿಗೆಯಲ್ಲೇ ಉಳಿಯಿತು. ಈ ಬೇಸಿಗೆಯಲ್ಲಿ ಜವರ ಮತ್ತೆ ಎಂಜಿನ್ ಒರೆಸತೊಡಗಿ, “ಫ್ಯಾನ್ ಕೆತ್ತೋಕೆ ಬ್ಯಾರೆ ಬಡಗೀನ ನೋಡ್ಲಾ,” ಎಂದಾಗ ತಡೆಯಲಾಗಲಿಲ್ಲ. ಹೇಳಿಬಿಟ್ಟೆ. ಅವನು ಕೈಲಿದ್ದ ಬಟ್ಟೆಯನ್ನು ನನ್ನ ಮುಖಕ್ಕೆ ಎಸೆದ. “ಥೂ! ನನ್ತಾವ ಏನ್ ಏಳ್ತೀಯ? ಆವಯ್ಯನ್ತಾವ ಓಗು.”

ಹೋದೆ. ಬಷೀರಣ್ಣ ಪೂರ್ತಿ ಕೇಳಿಸಿಕೊಂಡರು. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ತಮ್ಮ ಬಲಗೈಯನ್ನು ಮಗುಚಿ ನೋಡಿಕೊಂಡರು.

“ಯಾ ಅಲ್ಲಾ... ನನ್ ಕೈಯೇ ತಪ್ಪ್ತು ಅಂದ್ಕಂಡಿದ್ನಲ್ಲಪ್ಪಾ. ಅದ್ಕೇ ಉಳಿ ಮುಟ್ಲಿಲ್ಲ.”

ಜನ ನಂಬಿದ್ದು ಗೊತ್ತಿತ್ತು. ಅವರೂ ನಂಬಿದ್ದರೆಂದು — ನನಗೆ ಗೊತ್ತಿರಲಿಲ್ಲ.

ಮುಂದಿನ ಸಂತೆಯ ದಿನ, ಟೀ ಅಂಗಡಿಯ ಮುಂದೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದೆ. ಕೆಲವರು ನಕ್ಕರು, ಕೆಲವರು ಉಗಿದರು. ಅಪ್ಪ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ, “ಈಗ್ಲಾರ ಏಳ್ದಲ್ಲ,” ಎಂದರು. ಇದರಿಂದ ಬಷೀರಣ್ಣ ಕೆತ್ತದೇ ಹೋದ ವರ್ಷಗಳು ಮರಳುವುದಿಲ್ಲ.

ಹೊಸ ಪ್ರೊಪೆಲ್ಲರಿಗೆ ಮರ ಬಂದಿದೆ. ಮೊನ್ನೆ ಹೋದಾಗ ಬಷೀರಣ್ಣನ ಶೆಡ್ಡಿನೊಳಗಿಂದ ಉಳಿಯ ಸದ್ದು ಬರುತ್ತಿತ್ತು. ಹೊರಗೇ ನಿಂತೆ. ಸದ್ದು ನಿಂತಿತು.

“ಯಾಕಪ್ಪ, ಬಿಸ್ಲಲ್ಲಿ ನಿಂತ್ಕಂಡಿದ್ದೀಯ? ಬಾ. ಈ ತುದಿ ಅಲ್ಲಾಡ್ತಾ ಅದೆ, ಗಟ್ಟಿಯಾಗ್ ಹಿಡ್ಕೊ.”

ಒಳಗೆ ಹೋಗಿ ಹಿಡಿದುಕೊಂಡೆ.