ಒಬ್ಬನಿಗೆ ಸಾಕಾಗುವ ಸಿಡಿ

"ಅಪ್ಪಾ, ಒಬ್ಳೇ ಆಡುಕೆ ಯಾವ ಫೈಟಿಂಗ್ ಗೇಮ್ ಅಡ್ಡಿಲ್ಲೆ?" ಮೊನ್ನೆ ಮಗಳು ಮೊಬೈಲಿನಿಂದ ತಲೆಯೆತ್ತದೆ ಕೇಳಿದಳು. ಕುಡಿಯುತ್ತಿದ್ದ ಚಾ ನೆತ್ತಿಗೆ ಹತ್ತಿತು. ನಗಬೇಡಿ ಮಾರಾಯ್ರೆ, ಈ ವಿದ್ಯೆಯಲ್ಲಿ ನಾನೊಂದು ಕಾಲಕ್ಕೆ ದೊಡ್ಡ ಪಂಡಿತ.

ಮುಂಬೈಯ ಮಾವ ಹೆಮ್ಮಾಡಿಯ ನಮ್ಮ ಮನೆಗೆ ಹಳೆಯ ವಿಡಿಯೋ ಗೇಮ್ ಪೆಟ್ಟಿಗೆಯೊಂದನ್ನು ತಂದುಕೊಟ್ಟಾಗ ನಾನು ಕಾಲೇಜಿನಲ್ಲಿದ್ದೆ, ಅಣ್ಣ ಗಂಗೊಳ್ಳಿಯ ಮೀನಿನ ಬೋಟಿನಲ್ಲಿದ್ದ. ಅವನು ಒಂದು ದಿನದ ಮಟ್ಟಿಗೆ ಮನೆಗೆ ಬಂದಾಗ ಆಟದ ಸಿಡಿ ಆರಿಸಲು ಇಬ್ಬರೂ ಕುಂದಾಪುರಕ್ಕೆ ಹೋದೆವು. ಅಂಗಡಿಯವರು ಎರಡು ಫೈಟಿಂಗ್ ಗೇಮ್ ತೆಗೆದಿಟ್ಟರು. ಒಂದು, ಪಕ್ಕದಲ್ಲಿ ಜನ ಇದ್ದರೆ ಮಾತ್ರ ಮಜಾ. ಇನ್ನೊಂದನ್ನು ಇಬ್ಬರೂ ಆಡಬಹುದು, ಒಬ್ಬನೇ ಕೂತರೂ ಯಂತ್ರವೇ ಒಬ್ಬನ ಹಿಂದೊಬ್ಬ ಎದುರಾಳಿಯನ್ನು ಕಳಿಸುತ್ತದೆ. ಅಣ್ಣನ ಕಣ್ಣು ಮೊದಲನೆಯದರ ಮೇಲಿತ್ತು. ಆಮೇಲೆ ಅವನೇ, "ನಾನ್ ಕಡಲಂಗೇ ಇಪ್ಪುದಲ್ದಾ? ನಿಂಗ್ ಒಬ್ನಿಗೆ ಆಪುದೇ ತಕೋ" ಎಂದ. ಬಾಯಿಮಾತಿಗೂ ಬೇಡವೆನ್ನದೆ ತೆಗೆದುಕೊಂಡೆ.

ಬೋಟಿನವರ ಮನೆಯ ಕಥೆ ನಿಮಗೆ ಗೊತ್ತಲ್ಲ, ಮಳೆಗಾಲದಲ್ಲಿ ಬೋಟು ದಡ ಸೇರಿದ ಮೇಲೆಯೇ ಗಂಡಸರು ಮನೆಗೆ ಸಿಗುವುದು. ಅಷ್ಟರೊಳಗೆ ನಾನು ಪಾಠಪುಸ್ತಕ ಮೂಲೆಗೆಸೆದು ಬೆರಳು ಪಳಗಿಸಿಕೊಂಡಿದ್ದೆ. ಹಗ್ಗ ಎಳೆದೆಳೆದು ದಡ್ಡುಗಟ್ಟಿದ ಅಣ್ಣನ ಹೆಬ್ಬೆರಳಿಗೆ ಆ ಸಣ್ಣ ಗುಂಡಿಗಳು ಸಿಗುತ್ತಲೇ ಇರಲಿಲ್ಲ. ಅವನು ಹುಡುಕುವುದರೊಳಗೆ ನಾನು ಪರದೆಯ ಮೇಲಿನ ಅವನ ಆಳನ್ನು ಮಲಗಿಸಿಬಿಡುತ್ತಿದ್ದೆ. "ಹ್ವಾಯ್, ಏಳುಕಾರೂ ಬಿಡ್ ಮಾರಾಯಾ!" ಎಂದು ನಗುತ್ತಿದ್ದ. ಬಿಡಲಿಲ್ಲ. ಯಂತ್ರದಲ್ಲಾದರೂ 'ಸುಲಭ' ಎಂಬ ಆಯ್ಕೆಯೊಂದಿತ್ತು, ನನ್ನಲ್ಲಿ ಅದೂ ಇರಲಿಲ್ಲ.

ಮಳೆಗಾಲ ಮುಗಿದು, ಕಡಲಿಗೆ ಹಾಲೆರೆದು ಮತ್ತೆ ಬೋಟು ಇಳಿಸುವ ಮುನ್ನಾದಿನ ಅಣ್ಣ ಬಂದು ಪಕ್ಕದಲ್ಲಿ ಕೂತ.

"ಇನ್ನೊಂದ್ ಆಟ ಆಡುವನಾ?"

"ನಿನ್ನ ಕೂಡೆ ಎಂತ ಆಡುದ್? ಮಿಷಿನ್ನೇ ಅಡ್ಡಿಲ್ಲೆ" ಎಂದೆ, ಟಿವಿಯಿಂದ ಕಣ್ಣು ತೆಗೆಯದೆ.

ಸ್ವಲ್ಪ ಹೊತ್ತು ನಾನು ಆಡುವುದನ್ನೇ ನೋಡಿ, ಎದ್ದು ಬಲೆಯ ಕೆಲಸಕ್ಕೆ ಹೋದ.

ಆ ಸಲ ಹೋದ ಬೋಟು ಗಾಳಿಗೆ ಮಗುಚಿತು. ಮೂವರ ಹೆಣ ಸಿಕ್ಕಿತು, ಅಣ್ಣನದು ಸಿಗಲಿಲ್ಲ. ಕಡಲನ್ನು ಬೈಯುವವರು ಬೈಯಲಿ. ಇಷ್ಟು ವರ್ಷದ ಮೇಲೂ ನಾನು ಬೈಯುವುದು ನನ್ನ ನಾಲಿಗೆಯನ್ನು.

ಇಷ್ಟನ್ನೂ ಮಗಳಿಗೆ ಮೊನ್ನೆಯೇ ಮೊದಲು ಹೇಳಿದ್ದು. ದೊಡ್ಡಪ್ಪನನ್ನು ಗೋಡೆಯ ಪಟದಲ್ಲಷ್ಟೇ ಕಂಡವಳು ಮೊಬೈಲು ಕೆಳಗಿಟ್ಟಳು.

"ದೊಡ್ಡಪ್ಪ ಎಷ್ಟ್ ಸರ್ತಿ ಗೆದ್ದಿರ್ ಅಪ್ಪಾ?"

ನಾಲ್ಕೋ ಐದೋ ಎಂದಿದ್ದರೆ ನಂಬುತ್ತಿದ್ದಳು. ಬಾಯಿಯವರೆಗೂ ಬಂದಿತ್ತು.

"ಒಂದ್ ಸರ್ತಿಯೂ ಇಲ್ಲೆ ಮಗಾ" ಎಂದೆ.